ರಸ್ತೆಯೇ ಕಾಣದ ಇಎಸ್‌ಸಿ ಕಾರನ್ನು ದಾರಿಯಲ್ಲಿಡುವುದು ಹೇಗೆ?

ಪ್ರಶ್ನೆ: ಮಳೆಯಲ್ಲಿ ಒಂದು ಎಡತಿರುವು ದಾಟುವಾಗ ಕಾರಿನ ಹಿಂಭಾಗ ಹೊರಕ್ಕೆ ಜಾರಿದಂತಾಯಿತು. ನಾನು ಬ್ರೇಕ್ ಮುಟ್ಟಿರಲಿಲ್ಲ. ಆದರೂ ಕೆಳಗಿನಿಂದ ಗರಗರ ಸದ್ದು ಬಂತು, ಮುಂದಿನ ಒಂದು ಚಕ್ರವನ್ನು ಯಾರೋ ಹಿಡಿದು ನಿಲ್ಲಿಸಿದಂತಾಯಿತು, ಆಕ್ಸಿಲರೇಟರ್ ಒತ್ತಿದರೂ ಎಂಜಿನ್ ಮಾತು ಕೇಳಲಿಲ್ಲ. ಹಳದಿ ದೀಪವೊಂದು ಮಿನುಗಿ ಆರಿತು, ಕಾರು ಸರಿಹೋಯಿತು. ಅದು ಇಎಸ್‌ಸಿ, ಅಂದರೆ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್, ಮಾಡಿದ ಕೆಲಸ ಎಂದು ಆಮೇಲೆ ತಿಳಿಯಿತು. ನಾನು ಎತ್ತ ಹೋಗಬೇಕೆಂದಿದ್ದೇನೆ ಎಂಬುದು ಅದಕ್ಕೆ ಹೇಗೆ ಗೊತ್ತಾಗುತ್ತದೆ? ಒಂದೇ ಚಕ್ರಕ್ಕೆ ಬ್ರೇಕ್ ಹಾಕಿದರೆ ಇಡೀ ಕಾರು ಹೇಗೆ ಸರಿಯಾಗುತ್ತದೆ? ಚೆನ್ನಾಗಿ ಓಡಿಸುವವರು ಅದನ್ನು ಆಫ್ ಮಾಡಿಕೊಳ್ಳುತ್ತಾರೆ ಎಂದು ಗೆಳೆಯರೊಬ್ಬರು ಹೇಳುತ್ತಾರೆ, ನಿಜವೇ? ಇನ್ನೊಂದು ವಿಷಯ, ಮೊನ್ನೆ ವೀಲ್ ಅಲೈನ್‌ಮೆಂಟ್ ಮಾಡಿಸಿದ ಮೇಲೆ ಅದೇ ದೀಪ ಆರದೆ ಉರಿಯುತ್ತಲೇ ಇದೆ.

ಉತ್ತರ: ನೀವು ಎತ್ತ ಹೋಗಬೇಕೆಂದಿದ್ದೀರಿ ಎಂಬುದು ಅದಕ್ಕೆ ನಿಜವಾಗಿ ಗೊತ್ತಿಲ್ಲ. ಇಎಸ್‌ಸಿಗೆ ಕಣ್ಣಿಲ್ಲ. ರಸ್ತೆ ಎತ್ತ ತಿರುಗಿದೆ, ಅಂಚಿನಲ್ಲಿ ಮರವಿದೆಯೋ ಹಳ್ಳವಿದೆಯೋ, ಎದುರಿಗೆ ಲಾರಿ ಬರುತ್ತಿದೆಯೋ, ಯಾವುದೂ ಅದಕ್ಕೆ ತಿಳಿಯದು. ನಿಮ್ಮ ಕೈಯಲ್ಲಿರುವ ಸ್ಟೀರಿಂಗ್ ಎಷ್ಟು ಡಿಗ್ರಿ ತಿರುಗಿದೆ ಎಂಬುದನ್ನಷ್ಟೇ ಅದು ಓದುತ್ತದೆ. ‘ಚಾಲಕರು ಇಷ್ಟು ತಿರುಗಿಸಿದ್ದಾರೆ, ಈ ವೇಗದಲ್ಲಿ ಕಾರು ಇಷ್ಟು ತಿರುಗಬೇಕಿತ್ತು, ತಿರುಗಿದೆಯೇ?’ ಎಂದು ನೋಡುತ್ತದೆ. ತಿರುಗಿಲ್ಲದಿದ್ದರೆ, ಇಲ್ಲವೇ ಬೇಕಾದ್ದಕ್ಕಿಂತ ಹೆಚ್ಚು ತಿರುಗಿದ್ದರೆ ಮಧ್ಯೆ ಬರುತ್ತದೆ. ಇದರ ಜಾಣತನ, ಮಿತಿ, ಜಾರುವ ಕಾರಿನಲ್ಲಿ ನೀವು ಮಾಡಬೇಕಾದ ಕೆಲಸ ಎಲ್ಲವೂ ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ. ಆದ್ದರಿಂದ ಇಲ್ಲಿಂದಲೇ ಶುರುಮಾಡೋಣ.

ಸ್ಟೀರಿಂಗ್ ಕಾಲಮ್ಮಿನಲ್ಲಿ ಕೋನ ಅಳೆಯುವ ಸೆನ್ಸರ್ ಇದೆ. ಸಾಮಾನ್ಯ ಕಾರುಗಳಲ್ಲಿ ಸ್ಟೀರಿಂಗ್ ಸುಮಾರು 15 ಡಿಗ್ರಿ ತಿರುಗಿದರೆ ಮುಂದಿನ ಚಕ್ರ ಒಂದು ಡಿಗ್ರಿ ತಿರುಗುತ್ತದೆ. ನಾಲ್ಕೂ ಚಕ್ರಗಳಲ್ಲಿ ವೇಗ ಅಳೆಯುವ ಸೆನ್ಸರ್‌ಗಳಿವೆ, ಇವು ಎಬಿಎಸ್‌ಗೆಂದೇ, ಅಂದರೆ ಬ್ರೇಕ್ ತುಳಿದಾಗ ಚಕ್ರ ತಿರುಗದೆ ಲಾಕ್ ಆಗಿಬಿಡದಂತೆ ತಡೆಯುವ ವ್ಯವಸ್ಥೆಗೆಂದೇ, ಬಂದವು. ಸ್ಟೀರಿಂಗ್ ಕೋನ, ಕಾರಿನ ವೇಗ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ, ಇಷ್ಟು ಗೊತ್ತಿದ್ದರೆ ಕಾರು ಎಷ್ಟು ಬೇಗ ತಿರುಗಬೇಕೆಂದು ಲೆಕ್ಕ ಹಾಕಬಹುದು. ಹೀಗೆ ತನ್ನ ನಡುವಿನ ಲಂಬ ಅಕ್ಷದ ಸುತ್ತ ಕಾರು ತಿರುಗುವ ವೇಗಕ್ಕೆ ಎಂಜಿನಿಯರುಗಳು ‘ಯಾ ರೇಟ್’ ಎನ್ನುತ್ತಾರೆ. ಉದಾಹರಣೆಗೆ 100 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದೀರಿ ಎನ್ನಿ. ಕಾರು ತಿರುವಿಗೆ ಅಂಟಿಕೊಂಡು ಹೋಗಬೇಕಾದರೆ ಅದರ ಮೂತಿ ಸೆಕೆಂಡಿಗೆ ಸುಮಾರು 13 ಡಿಗ್ರಿಯಂತೆ ತಿರುಗುತ್ತಿರಬೇಕು. ಕಂಪ್ಯೂಟರಿನ ಪುಸ್ತಕದಲ್ಲಿ ಇದು ‘ಬೇಕಾದದ್ದು’.

‘ಆಗುತ್ತಿರುವುದು’ ಏನೆಂದು ಹೇಳಲು ಇನ್ನೊಂದು ಸೆನ್ಸರ್ ಇದೆ, ಸಾಮಾನ್ಯವಾಗಿ ಕಾರಿನ ಮಧ್ಯಭಾಗದಲ್ಲಿ ಎಲ್ಲೋ ಕೂತಿರುತ್ತದೆ. ಇದರೊಳಗೆ ಬರಿಗಣ್ಣಿಗೆ ಕಾಣುವುದೇ ಕಷ್ಟವಾದಷ್ಟು ಪುಟ್ಟ ಸಿಲಿಕಾನ್ ತುಣುಕು ಸದಾ ಹಿಂದೆಮುಂದೆ ಕಂಪಿಸುತ್ತಿರುತ್ತದೆ. ಕಾರು ತಿರುಗಿದ ಕೂಡಲೇ ಕೊರಿಯೋಲಿಸ್ ಬಲದಿಂದಾಗಿ ಆ ತುಣುಕು ತನ್ನ ಕಂಪನದ ದಿಕ್ಕಿಗೆ ಅಡ್ಡಲಾಗಿಯೂ ಕೊಂಚ ವಾಲುತ್ತದೆ. ಆ ವಾಲಿಕೆ ಕೂದಲೆಳೆಗಿಂತ ಎಷ್ಟೋ ಪಾಲು ಚಿಕ್ಕದು, ಆದರೂ ಅದನ್ನು ವಿದ್ಯುತ್ ಸಂಕೇತವಾಗಿ ಅಳೆಯಬಹುದು. ಕಾರು ಸೆಕೆಂಡಿಗೆ ಎಷ್ಟು ಡಿಗ್ರಿ ತಿರುಗುತ್ತಿದೆ ಎಂಬುದು ಹೀಗೆ ತಿಳಿಯುತ್ತದೆ. ಭೂಮಿ ತಿರುಗುವುದರಿಂದ ಗಾಳಿಯ ದಿಕ್ಕು ಬದಲಾಗುತ್ತದೆ ಎಂದು ಶಾಲೆಯಲ್ಲಿ ಓದಿದ ಅದೇ ಬಲ ಇಲ್ಲಿ ಸಿಲಿಕಾನ್ ಚಿಪ್ ಒಳಗೆ ಕೆಲಸಕ್ಕೆ ಬರುತ್ತದೆ. ಇದರ ಪಕ್ಕದಲ್ಲೇ ಕಾರು ಅಡ್ಡಲಾಗಿ ಎಷ್ಟು ಎಳೆಯಲ್ಪಡುತ್ತಿದೆ ಎಂದು ಅಳೆಯುವ ಆಕ್ಸಿಲರೋಮೀಟರ್ ಇರುತ್ತದೆ. ನೀವು ಬ್ರೇಕ್ ಎಷ್ಟು ಬಲವಾಗಿ ತುಳಿದಿದ್ದೀರಿ ಎಂದು ಹೇಳಲು ಬ್ರೇಕ್ ದ್ರವದ ಒತ್ತಡ ನೋಡುವ ಸೆನ್ಸರ್ ಬೇರೆ.

ಅಡ್ಡ ಎಳೆತದ ಲೆಕ್ಕ ಏಕೆ ಬೇಕು? ಸ್ಟೀರಿಂಗ್ ಕೇಳಿದ್ದನ್ನೆಲ್ಲ ರಸ್ತೆ ಕೊಡುವುದಿಲ್ಲವಲ್ಲ, ಅದಕ್ಕೆ. ನೀವು ಮಂಜುಗಡ್ಡೆಯ ಮೇಲೆ ಸ್ಟೀರಿಂಗನ್ನು ಪೂರ್ತಿ ತಿರುಗಿಸಿದರೆ ‘ಬೇಕಾದದ್ದು’ ಆಕಾಶಕ್ಕೇರುತ್ತದೆ. ಅಷ್ಟು ತಿರುಗಿಸಲು ಹೊರಟರೆ ಕಾರು ಗಿರಕಿ ಹೊಡೆಯುತ್ತದೆ. ಆದ್ದರಿಂದ ರಸ್ತೆಯ ಹಿಡಿತ ಎಷ್ಟಿದೆ ಎಂದು ಅಂದಾಜು ಮಾಡಿ ಕಂಪ್ಯೂಟರ್ ತನ್ನ ಗುರಿಗೆ ಒಂದು ಗಡಿ ಹಾಕಿಕೊಳ್ಳುತ್ತದೆ. ಒಣ ಡಾಂಬರಿನಲ್ಲಿ, 80 ಕಿ.ಮೀ. ವೇಗದಲ್ಲಿ ಕಾರಿಗೆ ಸೆಕೆಂಡಿಗೆ 20 ಡಿಗ್ರಿಯಷ್ಟು ತಿರುಗುವ ಶಕ್ತಿ ಇರಬಹುದು. ಹಿಡಿತ ಅದರ ಮೂರನೆಯ ಒಂದು ಪಾಲಿಗೆ ಇಳಿದರೆ ತಿರುಗುವ ಶಕ್ತಿಯೂ ಸೆಕೆಂಡಿಗೆ ಏಳು ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ನೀವು ಸ್ಟೀರಿಂಗ್ ಎಷ್ಟೇ ತಿರುಗಿಸಿ.

ಇನ್ನು ಜಾರುವಿಕೆ. ಕಾರು ದಾರಿ ತಪ್ಪುವುದು ಎರಡು ಬಗೆಯಲ್ಲಿ. ಮುಂದಿನ ಟೈರುಗಳ ಹಿಡಿತ ಮೊದಲು ಸೋತರೆ ಸ್ಟೀರಿಂಗ್ ತಿರುಗಿಸಿದರೂ ಕಾರು ನೇರಕ್ಕೆ, ತಿರುವಿನ ಹೊರ ಅಂಚಿನತ್ತ ಓಡುತ್ತದೆ. ಇದು ಅಂಡರ್‌ಸ್ಟಿಯರ್. ಮೇಲಿನ ಉದಾಹರಣೆಯಲ್ಲಿ 13 ಡಿಗ್ರಿ ಬೇಕಿದ್ದ ಕಡೆ 9 ಮಾತ್ರ ಬರುತ್ತದೆ. ಹಿಂದಿನ ಟೈರುಗಳು ಮೊದಲು ಸೋತರೆ ಬಾಲ ಹೊರಕ್ಕೆ ಬೀಸುತ್ತದೆ, ಮೂತಿ ತಿರುವಿನ ಒಳಕ್ಕೆ ಹೆಚ್ಚೇ ತಿರುಗುತ್ತದೆ. ಇದು ಓವರ್‌ಸ್ಟಿಯರ್, 13ರ ಕಡೆ 20 ಬರುತ್ತದೆ. ನಿಮಗಾದದ್ದು ಎರಡನೆಯದು. ಹೆಚ್ಚು ಅಪಾಯದ್ದೂ ಅದೇ. ಮುಂಭಾಗ ಜಾರಿದರೆ ವೇಗ ಇಳಿಯುತ್ತಿದ್ದಂತೆ ಹಿಡಿತ ತಾನಾಗಿ ಮರಳುವ ಸಾಧ್ಯತೆ ಇದೆ. ಹಿಂಭಾಗ ಜಾರಿದರೆ ಒಂದು ಡಿಗ್ರಿ ಜಾರಿದ್ದು ಎರಡನ್ನು ತರುತ್ತದೆ, ಎರಡು ನಾಲ್ಕನ್ನು. ಕೊನೆಗೆ ಕಾರು ಪಕ್ಕೆ ಕೊಟ್ಟುಕೊಂಡೇ ಮರಕ್ಕೋ ಕಂಬಕ್ಕೋ ಬಡಿಯುತ್ತದೆ. ಮುಂದೆ ಎಂಜಿನ್, ಬಂಪರ್, ಏರ್‌ಬ್ಯಾಗ್ ಎಲ್ಲ ಇವೆ. ಪಕ್ಕದಲ್ಲಿ ನಿಮಗೂ ಮರಕ್ಕೂ ನಡುವೆ ಇರುವುದು ಒಂದು ಬಾಗಿಲು.

ಈಗ ನಿಮ್ಮ ಎರಡನೆಯ ಪ್ರಶ್ನೆ. ದೋಣಿಯಲ್ಲಿ ಕೂತು ಬಲಬದಿಯ ಹುಟ್ಟನ್ನು ಮಾತ್ರ ನೀರಿಗೆ ಅಡ್ಡ ಹಿಡಿದರೆ ದೋಣಿ ಬಲಕ್ಕೆ ತಿರುಗುತ್ತದೆ. ಓಡುತ್ತಿರುವ ಕಾರಿನ ಬಲಬದಿಯ ಚಕ್ರವೊಂದನ್ನು ತಡೆದರೂ ಕಾರಿನ ಮೂತಿ ಬಲಕ್ಕೆ ಎಳೆಯಲ್ಪಡುತ್ತದೆ. ನೀವು ಎಡತಿರುವಿನಲ್ಲಿದ್ದಿರಿ, ಬಾಲ ಬಲಕ್ಕೆ ಬೀಸುತ್ತಿತ್ತು, ಮೂತಿ ಎಡಕ್ಕೆ ಹೆಚ್ಚಾಗಿ ತಿರುಗುತ್ತಿತ್ತು. ಮೂತಿಯನ್ನು ಬಲಕ್ಕೆ ಎಳೆಯಬೇಕಿತ್ತು. ಹಾಗಾಗಿ ಇಎಸ್‌ಸಿ ಬಲಗಡೆಯ ಮುಂದಿನ ಚಕ್ರಕ್ಕೆ ಬ್ರೇಕ್ ಹಾಕಿತು.

ಬಲಬದಿಯಲ್ಲಿ ಎರಡು ಚಕ್ರಗಳಿವೆಯಲ್ಲ, ಮುಂದಿನದೇ ಏಕೆ, ಹಿಂದಿನದಕ್ಕೆ ಹಾಕಿದ್ದರೆ ಆಗುತ್ತಿರಲಿಲ್ಲವೇ? ಇಡೀ ವಿಷಯದಲ್ಲಿ ನನಗೆ ಅತ್ಯಂತ ಸೊಗಸೆನಿಸುವ ಭಾಗ ಇದು, ಸ್ವಲ್ಪ ನಿಧಾನವಾಗಿ ನೋಡೋಣ. ಒಂದು ಟೈರಿಗೆ ನೆಲದ ಮೇಲೆ ಇಂತಿಷ್ಟೇ ಹಿಡಿತ ಎಂದಿರುತ್ತದೆ. ಆ ಹಿಡಿತವನ್ನು ವೇಗ ತಗ್ಗಿಸಲೂ ಬಳಸಬಹುದು, ತಿರುವಿನಲ್ಲಿ ಅಡ್ಡ ಬಲ ಕೊಡಲೂ ಬಳಸಬಹುದು. ಎರಡೂ ಒಂದೇ ಖಜಾನೆಯಿಂದ ಬರಬೇಕು. ಲೆಕ್ಕ ಮಾತ್ರ ಸರಳ ಕಳೆಯುವಿಕೆಯಲ್ಲ. ಹಿಡಿತದ ಶೇ 80ನ್ನು ಬ್ರೇಕಿಗೆ ಕೊಟ್ಟರೆ ಅಡ್ಡಕ್ಕೆ ಶೇ 20 ಅಲ್ಲ, ಶೇ 60ರಷ್ಟು ಉಳಿಯುತ್ತದೆ. ಎರಡೂ ಬಲಗಳು ಒಂದಕ್ಕೊಂದು ಲಂಬವಾಗಿರುವುದರಿಂದ ಪೈಥಾಗೊರಸನ ಲೆಕ್ಕ ಬಳಸಬೇಕು. ಆದರೆ ಇಡೀ ಹಿಡಿತವನ್ನು ಬ್ರೇಕಿಗೇ ಸುರಿದರೆ ಅಡ್ಡಕ್ಕೆ ಏನೂ ಉಳಿಯದು. ಚಕ್ರ ಲಾಕ್ ಆದಾಗ ಸ್ಟೀರಿಂಗ್ ಕೆಲಸ ಮಾಡದಿರುವುದು ಇದರಿಂದಲೇ.

ಈಗ ಬಲಗಡೆಯ ಮುಂದಿನ ಚಕ್ರವನ್ನೇ ನೋಡಿ. ಎಡತಿರುವಿನಲ್ಲಿ ಕಾರಿನ ಭಾರ ಹೊರಗಿನ, ಅಂದರೆ ಬಲಗಡೆಯ ಚಕ್ರಗಳ ಮೇಲೆ ಕೂರುತ್ತದೆ. ಭಾರ ಹೆಚ್ಚಿದ್ದಲ್ಲಿ ಹಿಡಿತ ಹೆಚ್ಚು, ಹಾಗಾಗಿ ಅಲ್ಲಿ ಬ್ರೇಕ್ ಹಾಕಿದರೆ ಬಲವಾದ ಎಳೆತ ಸಿಗುತ್ತದೆ. ಅದು ಮೊದಲ ಲಾಭ. ಜೊತೆಗೆ ಆ ಚಕ್ರ ತಾನು ಕೊಡುತ್ತಿದ್ದ ಅಡ್ಡ ಬಲದಲ್ಲಿ ಒಂದಿಷ್ಟನ್ನು ಬಿಟ್ಟುಕೊಡುತ್ತದೆ. ಮುಂದಿನ ಚಕ್ರಗಳ ಅಡ್ಡ ಬಲವೇ ಮೂತಿಯನ್ನು ಎಡಕ್ಕೆ ಎಳೆಯುತ್ತಿದ್ದದ್ದು. ಅದು ಕಡಿಮೆಯಾದರೆ ಮೂತಿ ಇನ್ನಷ್ಟು ಸುಲಭವಾಗಿ ಬಲಕ್ಕೆ ಬರುತ್ತದೆ. ಎರಡು ಪರಿಣಾಮಗಳೂ ಒಂದೇ ಕಡೆಗೆ ಎಳೆಯುತ್ತವೆ. ಹಿಂದಿನ ಬಲ ಚಕ್ರಕ್ಕೆ ಬ್ರೇಕ್ ಹಾಕಿದ್ದರೆ? ಎಳೆತವೇನೋ ಸರಿಯಾದ ದಿಕ್ಕಿಗೇ ಇರುತ್ತಿತ್ತು, ಆದರೆ ಮೊದಲೇ ಜಾರುತ್ತಿರುವ ಹಿಂಭಾಗದ ಅಡ್ಡ ಹಿಡಿತವನ್ನೇ ಕಿತ್ತುಕೊಂಡಂತಾಗುತ್ತಿತ್ತು. ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಕಸಿದುಕೊಳ್ಳುತ್ತಿತ್ತು.

ಅಂಡರ್‌ಸ್ಟಿಯರ್ ಆದಾಗ ಇದೇ ತರ್ಕ ತಲೆಕೆಳಗಾಗುತ್ತದೆ. ಎಡತಿರುವಿನಲ್ಲಿ ಮೂತಿ ಎಡಕ್ಕೆ ಬರುತ್ತಿಲ್ಲ, ಎಡಕ್ಕೆ ಎಳೆಯಬೇಕು. ಎಡಬದಿಯಲ್ಲಿ ಹಿಂದಿನ ಚಕ್ರಕ್ಕೆ ಬ್ರೇಕ್ ಬೀಳುತ್ತದೆ. ಅದು ಮೂತಿಯನ್ನು ಎಡಕ್ಕೆಳೆಯುತ್ತದೆ, ಹಿಂಭಾಗದ ಅಡ್ಡ ಹಿಡಿತವನ್ನು ತುಸು ಸಡಿಲಿಸಿ ಬಾಲ ಹೊರಕ್ಕೆ ಬರಲು ಬಿಡುತ್ತದೆ, ಆಗ ಮೂತಿ ಒಳಕ್ಕೆ ತಿರುಗುತ್ತದೆ. ಮುಂದಿನ ಎಡ ಚಕ್ರಕ್ಕೇ ಹಾಕಿದರೆ, ಸೋತಿರುವ ಮುಂಭಾಗದ ಹಿಡಿತವನ್ನು ಇನ್ನೂ ಸೋಲಿಸಿದಂತೆ. ಒಂದು ತೊಡಕೂ ಇದೆ. ತಿರುವಿನ ಒಳಗಿನ ಹಿಂದಿನ ಚಕ್ರದ ಮೇಲೆ ಭಾರ ಕಡಿಮೆ, ಹಾಗಾಗಿ ಅದರಿಂದ ಸಿಗುವ ಎಳೆತವೂ ಕಡಿಮೆ. ಇದಕ್ಕೇ ಅಂಡರ್‌ಸ್ಟಿಯರ್‌ನಲ್ಲಿ ಇಎಸ್‌ಸಿಯ ಕೈ ಅಷ್ಟು ಗಟ್ಟಿಯಲ್ಲ. ಅಲ್ಲಿ ಅದು ಎಂಜಿನ್ ಶಕ್ತಿ ಇಳಿಸುವುದನ್ನೂ, ಅಗತ್ಯವಿದ್ದರೆ ಒಂದಕ್ಕಿಂತ ಹೆಚ್ಚು ಚಕ್ರಗಳಿಗೆ ಬ್ರೇಕ್ ಹಾಕಿ ವೇಗ ತಗ್ಗಿಸುವುದನ್ನೂ ಹೆಚ್ಚು ನೆಚ್ಚಿಕೊಳ್ಳುತ್ತದೆ.

ಒಂದು ಚಕ್ರದ ಬ್ರೇಕಿಗೆ ಇಡೀ ಕಾರು ತಿರುಗುವಷ್ಟು ಬಲವಿದೆಯೇ ಎಂದು ಅನುಮಾನವಿದ್ದರೆ ಒಂದು ಕೈಲೆಕ್ಕ ಮಾಡೋಣ. ಹೊರಗಿನ ಮುಂದಿನ ಚಕ್ರದಲ್ಲಿ 3,000 ನ್ಯೂಟನ್ ಬ್ರೇಕ್ ಬಲ ಬಂತು ಎನ್ನಿ, ಅಂದರೆ ಸುಮಾರು 300 ಕಿಲೋ ಭಾರದ ಎಳೆತ. ಆ ಚಕ್ರ ಕಾರಿನ ಮಧ್ಯರೇಖೆಯಿಂದ ಮುಕ್ಕಾಲು ಮೀಟರ್ ಆಚೆ ಇದೆ. ಗುಣಿಸಿದರೆ 2,250 ನ್ಯೂಟನ್-ಮೀಟರ್ ತಿರುಚುಬಲ. ಮಧ್ಯಮ ಗಾತ್ರದ ಕಾರೊಂದು ತಿರುಗುವುದಕ್ಕೆ ಒಡ್ಡುವ ಜಡತ್ವವನ್ನು ಲೆಕ್ಕಕ್ಕೆ ಹಿಡಿದರೆ, ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಅದರ ತಿರುಗುವ ವೇಗವನ್ನು ಐದಾರು ಡಿಗ್ರಿಯಷ್ಟು ಬದಲಿಸಲು ಇಷ್ಟು ಸಾಕು. 20ಕ್ಕೆ ಏರಿದ್ದನ್ನು 14ಕ್ಕೆ ಇಳಿಸಲು ಕಣ್ಣು ರೆಪ್ಪೆ ಬಡಿಯುವಷ್ಟು ಹೊತ್ತೂ ಬೇಡ. ನಿಮಗೆ ‘ಯಾರೋ ಹಿಡಿದು ನಿಲ್ಲಿಸಿದಂತೆ’ ಅನಿಸಿದ್ದು ಇದೇ.

ಆ ಗರಗರ ಸದ್ದಿನ ಕಥೆ ಬೇರೆ. ನೀವು ಪೆಡಲ್ ಮುಟ್ಟದೆಯೇ ಬ್ರೇಕ್ ಬೀಳಬೇಕಾದರೆ ಒತ್ತಡ ಎಲ್ಲಿಂದಲೋ ಬರಬೇಕಲ್ಲ? ಎಂಜಿನ್ ಬೇಯಲ್ಲಿ, ಪೆಡಲ್ ತುಳಿದಾಗ ಬ್ರೇಕ್ ದ್ರವವನ್ನು ಒತ್ತುವ ಮಾಸ್ಟರ್ ಸಿಲಿಂಡರಿನಿಂದ ಬರುವ ಬ್ರೇಕ್ ಪೈಪುಗಳು ಒಂದು ಅಲ್ಯೂಮಿನಿಯಂ ಗಟ್ಟಿಯೊಳಗೆ ಹೊಕ್ಕು, ಅಲ್ಲಿಂದ ನಾಲ್ಕು ಚಕ್ರಗಳಿಗೆ ನಾಲ್ಕು ಪೈಪುಗಳಾಗಿ ಹೊರಡುವುದನ್ನು ನೋಡಬಹುದು. ಅದೇ ಎಬಿಎಸ್ ಘಟಕ. ಎಬಿಎಸ್ ಮಾತ್ರ ಇದ್ದರೆ ಅದರೊಳಗೆ ಸಾಮಾನ್ಯವಾಗಿ ಎಂಟು ವಾಲ್ವ್‌ಗಳು, ಚಕ್ರಕ್ಕೆ ಎರಡರಂತೆ: ಒಂದು ಒತ್ತಡ ಒಳಬಿಡಲು, ಇನ್ನೊಂದು ಹೊರಬಿಡಲು. ಇಎಸ್‌ಸಿಗಾಗಿ ಇನ್ನೂ ನಾಲ್ಕು ಸೇರಿ ಹನ್ನೆರಡಾಗುತ್ತವೆ. ಕಂಪ್ಯೂಟರ್ ಅಪ್ಪಣೆ ಕೊಟ್ಟ ಕೂಡಲೇ ಒಂದು ವಾಲ್ವ್ ಮುಚ್ಚಿಕೊಂಡು ದ್ರವ ಮಾಸ್ಟರ್ ಸಿಲಿಂಡರಿಗೆ ವಾಪಸ್ ಹೋಗದಂತೆ ತಡೆಯುತ್ತದೆ. ಇನ್ನೊಂದು ತೆರೆದುಕೊಂಡು ಪಂಪಿಗೆ ದ್ರವ ಒದಗಿಸುತ್ತದೆ. ವಿದ್ಯುತ್ ಮೋಟಾರಿನಿಂದ ಓಡುವ ಆ ಪಂಪ್ ಒತ್ತಡ ಕಟ್ಟುತ್ತದೆ. ಬೇಡದ ಚಕ್ರಗಳ ವಾಲ್ವ್ ಮುಚ್ಚಿ, ಬೇಕಾದ ಒಂದೇ ಚಕ್ರಕ್ಕೆ ದಾರಿ ಬಿಡಲಾಗುತ್ತದೆ. ಆ ಚಕ್ರ ಲಾಕ್ ಆಗುವಷ್ಟು ಒತ್ತಡವಾದರೆ ತುಸು ಬಿಟ್ಟು, ಮತ್ತೆ ಏರಿಸಲಾಗುತ್ತದೆ. ನೀವು ಕೇಳಿದ್ದು ಆ ಪಂಪಿನ ಮೋಟಾರ್ ಮತ್ತು ವಾಲ್ವ್‌ಗಳ ಟಕಟಕ ಸೇರಿದ ಸದ್ದು. ಕಾರಿನಲ್ಲಿ ಏನೋ ಮುರಿಯಿತು ಎಂದು ಹೆದರಿ ಗ್ಯಾರೇಜಿಗೆ ಒಯ್ಯುವವರು ಬಹಳ ಮಂದಿ. ಮುರಿದಿರುವುದಿಲ್ಲ.

ಆಕ್ಸಿಲರೇಟರ್ ಕೇಳದಿದ್ದದ್ದೂ ಇದರ ಭಾಗವೇ. ಈಗಿನ ಕಾರುಗಳಲ್ಲಿ ಪೆಡಲಿಗೂ ಎಂಜಿನ್ನಿಗೂ ನಡುವೆ ಕೇಬಲ್ ಇಲ್ಲ, ನಿಮ್ಮ ಕಾಲಿನ ಒತ್ತು ಕಂಪ್ಯೂಟರಿಗೆ ಒಂದು ಮನವಿ ಅಷ್ಟೇ. ಇಎಸ್‌ಸಿ ಬೇಡವೆಂದರೆ ಎಂಜಿನ್ ಕೊಡುವುದಿಲ್ಲ. ಎಲೆಕ್ಟ್ರಿಕ್ ಕಾರುಗಳಲ್ಲಿ ಮೋಟಾರಿನ ಶಕ್ತಿಯನ್ನು ಪೆಟ್ರೋಲ್ ಎಂಜಿನ್ನಿಗಿಂತ ಎಷ್ಟೋ ಬೇಗ ಇಳಿಸಬಹುದಾದ್ದರಿಂದ ಅಲ್ಲಿ ಈ ಹಿಡಿತ ಇನ್ನೂ ನಯವಾಗಿರುತ್ತದೆ.

ಇಷ್ಟೆಲ್ಲ ನಡೆಯುವಾಗ ಕಂಪ್ಯೂಟರ್ ಒಂದೇ ಸಲ ಲೆಕ್ಕ ಹಾಕಿ ಕೈತೊಳೆದುಕೊಳ್ಳುವುದಿಲ್ಲ. ಈ ವ್ಯವಸ್ಥೆಯನ್ನು ಮೊದಲು ಮಾರುಕಟ್ಟೆಗೆ ತಂದವರಲ್ಲಿ ಒಬ್ಬರಾದ ಬಾಷ್ ಕಂಪನಿ, ಚಾಲಕರ ಉದ್ದೇಶವನ್ನೂ ಕಾರಿನ ಚಲನೆಯನ್ನೂ ಸೆಕೆಂಡಿಗೆ 25 ಸಲ ಹೋಲಿಸಲಾಗುತ್ತದೆ ಎನ್ನುತ್ತದೆ. ತಿರುಗುವ ವೇಗ ಒಂದನ್ನೇ ನೋಡಿದರೂ ಸಾಲದು. ಕಾರಿನ ಮೂತಿ ಒಂದು ಕಡೆ, ಕಾರು ಸಾಗುತ್ತಿರುವುದು ಇನ್ನೊಂದು ಕಡೆ ಆಗಿರುತ್ತದಲ್ಲ, ಆ ಎರಡರ ನಡುವಿನ ಕೋನವನ್ನೂ ಅಂದಾಜು ಮಾಡಬೇಕು. ಒಣ ರಸ್ತೆಯಲ್ಲಿ ಈ ಕೋನ ಸುಮಾರು 10-12 ಡಿಗ್ರಿ ದಾಟಿದರೆ ಸ್ಟೀರಿಂಗ್ ತಿರುಗಿಸಿದ್ದಕ್ಕೆ ಕಾರು ಬಹುಮಟ್ಟಿಗೆ ಸ್ಪಂದಿಸುವುದೇ ಇಲ್ಲ. ಗಟ್ಟಿ ಹಿಮದ ಮೇಲೆ 4 ಡಿಗ್ರಿಗೇ ಆ ಸ್ಥಿತಿ. ದಿನನಿತ್ಯದ ಓಡಾಟದಲ್ಲಿ ನಾವು ಇಷ್ಟು ದೊಡ್ಡ ಕೋನ ಕಂಡಿರುವುದಿಲ್ಲ, ಹಾಗಾಗಿ ಕಾರು ಆ ಹಂತಕ್ಕೆ ಹೋದಾಗ ಕೈಗಳಿಗೆ ಏನು ಮಾಡಬೇಕೆಂದು ಗೊತ್ತಿರುವುದಿಲ್ಲ. ಸಾಮಾನ್ಯ ಕಾರಿನಲ್ಲಿ ಈ ಕೋನವನ್ನು ನೇರವಾಗಿ ಅಳೆಯುವ ಸೆನ್ಸರ್ ಇಲ್ಲದಿರುವುದರಿಂದ ಬೇರೆ ಅಳತೆಗಳಿಂದ ಊಹಿಸಬೇಕು. ಇಎಸ್‌ಸಿ ತಂತ್ರಾಂಶದಲ್ಲಿ ತಲೆನೋವಿನ ಜಾಗ ಇದು. ಒಂದು ಬದಿಗೆ ವಾಲಿದ ರಸ್ತೆಯಲ್ಲಿ ಹೋಗುವಾಗ ಭೂಮಿಯ ಸೆಳೆತವೇ ಅಡ್ಡ ಎಳೆತದಂತೆ ಸೆನ್ಸರಿಗೆ ಕಾಣುತ್ತದೆ, ಅದನ್ನು ಜಾರುವಿಕೆ ಎಂದು ತಪ್ಪು ತಿಳಿಯಬಾರದು. ಒಳ್ಳೆಯ ಇಎಸ್‌ಸಿಗೂ ಸಾಧಾರಣ ಇಎಸ್‌ಸಿಗೂ ವ್ಯತ್ಯಾಸ ಕಾಣುವುದು ಇಂಥ ಕಡೆ. ಯಂತ್ರಭಾಗಗಳು ಹೆಚ್ಚುಕಡಿಮೆ ಎಲ್ಲರ ಬಳಿಯೂ ಒಂದೇ.

ಇದು ಬಂದದ್ದು 1995ರಲ್ಲಿ. ಬಾಷ್ ಮತ್ತು ಮರ್ಸಿಡಿಸ್-ಬೆನ್ಝ್ ಸೇರಿ ಎಸ್-ಕ್ಲಾಸ್ ಕಾರಿಗೆ ‘ಇಎಸ್‌ಪಿ’ ಎಂಬ ಹೆಸರಿನಲ್ಲಿ ಅಳವಡಿಸಿದವು. ಬಾಷ್‌ನಲ್ಲಿ ಇದರ ಹಿಂದಿದ್ದ ಮುಖ್ಯ ಎಂಜಿನಿಯರ್ ಆಂಟನ್ ವಾನ್ ಜಾಂಟನ್ ಅವರಿಗೆ 2016ರಲ್ಲಿ ಯುರೋಪಿಯನ್ ಇನ್ವೆಂಟರ್ ಪ್ರಶಸ್ತಿಯ ಜೀವಮಾನ ಸಾಧನೆಯ ಗೌರವ ಸಂದಿತು. ದುಬಾರಿ ಕಾರಿನ ಭೂಷಣವಾಗಿದ್ದ ಇದು ಸಣ್ಣ ಕಾರಿಗೆ ಇಳಿದದ್ದು ಒಂದು ಮುಖಭಂಗದಿಂದ. 1997ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ಕಾರು ಪತ್ರಿಕೆಯೊಂದು ಮರ್ಸಿಡಿಸ್‌ನ ಹೊಸ ಎ-ಕ್ಲಾಸ್ ಕಾರನ್ನು ‘ಮೂಸ್ ಟೆಸ್ಟ್’ಗೆ ಒಡ್ಡಿತು. ರಸ್ತೆಗೆ ದಿಢೀರನೆ ಅಡ್ಡ ಬಂದ ದೊಡ್ಡ ಕಾಡುಪ್ರಾಣಿಯಿಂದ ತಪ್ಪಿಸಿಕೊಳ್ಳುವಂತೆ ಒಂದು ಕಡೆಗೆ ಸರಕ್ಕನೆ ತಿರುಗಿಸಿ ಮತ್ತೆ ವಾಪಸ್ ತರುವ ಪರೀಕ್ಷೆ ಅದು. ಕಾರು ಮಗುಚಿ ಬಿತ್ತು. ಕಂಪನಿ ಮಾರಾಟ ನಿಲ್ಲಿಸಿ, ಸಸ್ಪೆನ್ಷನ್ ಸರಿಪಡಿಸಿ, ಎಲ್ಲ ಎ-ಕ್ಲಾಸ್ ಕಾರುಗಳಿಗೂ ಇಎಸ್‌ಪಿ ಹಾಕಿಕೊಟ್ಟಿತು. ನನ್ನ ಮಟ್ಟಿಗೆ, ಈ ತಂತ್ರಜ್ಞಾನ ಸಾಮಾನ್ಯರ ಕಾರಿಗೆ ಬಂದದ್ದರಲ್ಲಿ ಯಾವ ಜಾಹೀರಾತಿಗಿಂತಲೂ ಮಗುಚಿದ ಆ ಕಾರಿನ ಪಾಲು ಹೆಚ್ಚು.

ಆಮೇಲೆ ಸರ್ಕಾರಗಳು ಕಡ್ಡಾಯ ಮಾಡಿದವು. ಅಮೆರಿಕದಲ್ಲಿ 2012ರ ಮಾದರಿಗಳಿಂದ ಎಲ್ಲ ಹೊಸ ಕಾರುಗಳಿಗೂ, ಯುರೋಪಿಯನ್ ಒಕ್ಕೂಟದಲ್ಲಿ 2014ರ ನವೆಂಬರಿನಿಂದ ಎಲ್ಲ ಹೊಸ ಕಾರುಗಳಿಗೂ ಇದು ಬೇಕೇ ಬೇಕು. ಅಮೆರಿಕದ ನಿಯಮ ಮಾಡುವಾಗ ಅಲ್ಲಿನ ರಸ್ತೆ ಸುರಕ್ಷತಾ ಇಲಾಖೆ ಹಾಕಿದ ಅಂದಾಜು ಹೀಗಿತ್ತು: ಬೇರೆ ವಾಹನ ಸಿಕ್ಕಿಕೊಳ್ಳದೆ ಒಂದೇ ವಾಹನ ದಾರಿ ತಪ್ಪುವ ಅಪಘಾತಗಳಲ್ಲಿ ಕಾರುಗಳಿಗೆ ಶೇ 34, ಎಸ್‌ಯುವಿಗಳಿಗೆ ಶೇ 59 ಇಳಿಕೆ. ಎಸ್‌ಯುವಿಗೆ ಲಾಭ ಹೆಚ್ಚಲು ಕಾರಣವಿದೆ. ಎತ್ತರದ ವಾಹನ ಅಡ್ಡಡ್ಡ ಜಾರಿ ಮಣ್ಣಿಗೋ ಅಂಚುಗಲ್ಲಿಗೋ ಚಕ್ರ ತಗಲಿಸಿಕೊಂಡು ಉರುಳುವುದೇ ಹೆಚ್ಚು, ಅಡ್ಡ ಜಾರುವುದನ್ನು ತಡೆದರೆ ಉರುಳುವುದೂ ತಪ್ಪುತ್ತದೆ.

ಆ ನಿಯಮದ ಪರೀಕ್ಷೆಯೂ ನೋಡುವಂಥದ್ದು. 80 ಕಿ.ಮೀ. ವೇಗದಲ್ಲಿ ಯಂತ್ರವೊಂದು ಸ್ಟೀರಿಂಗನ್ನು ಒಂದು ಕಡೆಗೆ ತಿರುಗಿಸಿ, ಕೂಡಲೇ ಇನ್ನೊಂದು ಕಡೆಗೆ ತಿರುಗಿಸಿ, ಅಲ್ಲಿ ಅರ್ಧ ಸೆಕೆಂಡ್ ಹಿಡಿದು ನೇರಕ್ಕೆ ತರುತ್ತದೆ. ಸ್ಟೀರಿಂಗ್ ನೇರವಾಗಿ ಒಂದು ಸೆಕೆಂಡ್ ಆಗುವಷ್ಟರಲ್ಲಿ ಕಾರು ತಿರುಗುವ ವೇಗ ತನ್ನ ಗರಿಷ್ಠದ ಶೇ 35ಕ್ಕೂ, ಒಂದೂಮುಕ್ಕಾಲು ಸೆಕೆಂಡಿನಲ್ಲಿ ಶೇ 20ಕ್ಕೂ ಇಳಿದಿರಬೇಕು. ಆದರೆ ಕಾರನ್ನು ತಿರುಗಲೇ ಬಿಡದೆ ಬಿಗಿಹಿಡಿದು ಪಾಸಾಗುವಂತಿಲ್ಲ. ಸ್ಟೀರಿಂಗ್ ತಿರುಗಲು ಶುರುವಾಗಿ 1.07 ಸೆಕೆಂಡಿನೊಳಗೆ ಸಾಮಾನ್ಯ ಕಾರು ಕನಿಷ್ಠ 1.83 ಮೀಟರ್ ಪಕ್ಕಕ್ಕೆ ಸರಿದಿರಲೇಬೇಕು. ಅಂದರೆ ಹೇಳಿದ ಮಾತೂ ಕೇಳಬೇಕು, ಕೇಳಿದ ಮೇಲೆ ಸುಮ್ಮನೂ ಇರಬೇಕು.

ಗೆಳೆಯರ ಮಾತಿಗೆ ಬರೋಣ. ಎಷ್ಟೇ ನುರಿತ ಚಾಲಕರಾದರೂ ಅವರ ಕಾಲಡಿ ಇರುವುದು ಒಂದೇ ಬ್ರೇಕ್ ಪೆಡಲ್. ಬಲಗಡೆಯ ಮುಂದಿನ ಚಕ್ರವೊಂದಕ್ಕೇ ಬ್ರೇಕ್ ಹಾಕುವುದು ಯಾವ ಚಾಂಪಿಯನ್‌ಗೂ ಸಾಧ್ಯವಿಲ್ಲ. ರೇಸ್ ಟ್ರ್ಯಾಕಿನಲ್ಲಿ, ಖಾಲಿ ಜಾಗದಲ್ಲಿ, ಬೇಕೆಂದೇ ಬಾಲ ಜಾರಿಸಿ ಆಡುವವರಿಗೆ ಇಎಸ್‌ಸಿ ಅಡ್ಡಿ, ಅವರು ಆಫ್ ಮಾಡಿಕೊಳ್ಳಲಿ. ಸಾರ್ವಜನಿಕ ರಸ್ತೆಯಲ್ಲಿ ಮಾಡುವುದು ಬರೀ ಜಂಬ. ಆಫ್ ಬಟನ್ ಇಟ್ಟಿರುವುದು ಬೇರೆಯದಕ್ಕೆ: ಮರಳಲ್ಲೋ ಕೆಸರಲ್ಲೋ ಆಳದ ಹಿಮದಲ್ಲೋ ಚಕ್ರ ಹೂತಾಗ, ಚಕ್ರ ಸ್ವಲ್ಪ ಸುತ್ತಿದ ಕೂಡಲೇ ವ್ಯವಸ್ಥೆ ಎಂಜಿನ್ ಶಕ್ತಿ ಕಡಿದುಬಿಡುತ್ತದೆ, ಕಾರು ಮೇಲೇಳುವುದೇ ಇಲ್ಲ. ಆಗ ಒತ್ತಿ, ಹೊರಬಂದ ಮೇಲೆ ಮತ್ತೆ ಒತ್ತಿ. ಮರೆತರೂ ಎಂಜಿನ್ ಆರಿಸಿ ಮತ್ತೆ ಚಾಲೂ ಮಾಡಿದಾಗ ಅದು ಸಾಮಾನ್ಯವಾಗಿ ತಾನೇ ಆನ್ ಆಗುತ್ತದೆ. ಕೆಲವು ಕಾರುಗಳಲ್ಲಿ ಬಟನ್ ಒಮ್ಮೆ ಒತ್ತಿದರೆ ಎಂಜಿನ್ ಶಕ್ತಿ ಕಡಿಯುವುದು ಮಾತ್ರ ನಿಲ್ಲುತ್ತದೆ, ಕೆಲವು ಸೆಕೆಂಡ್ ಒತ್ತಿ ಹಿಡಿದರಷ್ಟೇ ಉಳಿದದ್ದೂ ಆಫ್. ಕಾರಿನ ಕೈಪಿಡಿಯಲ್ಲಿ ಒಮ್ಮೆ ನೋಡಿಕೊಳ್ಳಿ. ಇಎಸ್‌ಸಿ ಆಫ್ ಆದರೂ ಎಬಿಎಸ್ ಇರುತ್ತದೆ.

ಹಾಗೆಂದು ಇಎಸ್‌ಸಿ ಇದೆ ಎಂಬ ಧೈರ್ಯದಲ್ಲಿ ತಿರುವಿಗೆ ವೇಗವಾಗಿ ನುಗ್ಗುವುದು ಇನ್ನೂ ದೊಡ್ಡ ತಪ್ಪು. ಅದು ಇರುವ ಹಿಡಿತವನ್ನು ನಾಲ್ಕು ಚಕ್ರಗಳಲ್ಲಿ ಹಂಚಿ ಬಳಸುತ್ತದೆ, ಇಲ್ಲದ ಹಿಡಿತವನ್ನು ಸೃಷ್ಟಿಸುವುದಿಲ್ಲ. 50 ಮೀಟರ್ ತ್ರಿಜ್ಯದ ತಿರುವನ್ನು ಒಳ್ಳೆಯ ಒಣ ರಸ್ತೆಯಲ್ಲಿ ಹೆಚ್ಚೆಂದರೆ ಸುಮಾರು 70 ಕಿ.ಮೀ. ವೇಗದಲ್ಲಿ ದಾಟಬಹುದು. ಹಿಡಿತ ಅರ್ಧಕ್ಕಿಳಿದರೆ 50ರಲ್ಲಿ. 65ರಲ್ಲಿ ನುಗ್ಗಿದರೆ ಇಎಸ್‌ಸಿ ಕಾರು ಗಿರಕಿ ಹೊಡೆಯದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಕಾರು ಬಹಳ ಶಿಸ್ತಾಗಿ, ಮೂತಿ ಮುಂದಾಗಿ, ರಸ್ತೆ ಬಿಟ್ಟು ಇಳಿಯುತ್ತದೆ. ಟೈರ್ ಸವೆದಿದ್ದು ನೀರಿನ ಪದರದ ಮೇಲೆ ತೇಲತೊಡಗಿದರೆ, ನೆಲವನ್ನೇ ಮುಟ್ಟದ ಚಕ್ರಕ್ಕೆ ಬ್ರೇಕ್ ಹಾಕಿ ಪ್ರಯೋಜನವೇನು? ಇಎಸ್‌ಸಿಗೆ ಖರ್ಚು ಮಾಡಿದವರು ಟೈರಿಗೆ ಜಿಪುಣತನ ತೋರಿಸುವುದು ನನಗೆ ಅರ್ಥವಾಗದ ಸಂಗತಿ.

ಇನ್ನು ನೀವು ಮಾಡಬೇಕಾದದ್ದು. ಇಎಸ್‌ಸಿಗೆ ಸ್ಟೀರಿಂಗ್ ಒಂದೇ ಸುಳಿವು ಎಂದೆನಲ್ಲ, ಅದರ ಅರ್ಥ ಇಲ್ಲಿ ತಿಳಿಯುತ್ತದೆ. ಕಾರು ಜಾರಿದಾಗ ಹೆದರಿ ಸ್ಟೀರಿಂಗನ್ನು ಬಿಗಿಹಿಡಿದು, ಎದುರಿನ ಮರವನ್ನೇ ದಿಟ್ಟಿಸುತ್ತ ಕೂತರೆ, ಸ್ಟೀರಿಂಗ್ ಮರದ ಕಡೆಗೇ ಇರುತ್ತದೆ. ಚಾಲಕರಿಗೆ ಅಲ್ಲಿಗೇ ಹೋಗಬೇಕಿದೆ ಎಂದು ವ್ಯವಸ್ಥೆ ನಂಬುತ್ತದೆ, ಕಾರನ್ನು ಪ್ರಾಮಾಣಿಕವಾಗಿ ಅಲ್ಲಿಗೇ ಒಯ್ಯುತ್ತದೆ. ದೀಪ ಮಿನುಗುತ್ತಿರುವಾಗ ಹೋಗಬೇಕಾದ ಕಡೆ ನೋಡಿ, ಆ ಕಡೆಗೇ ಸ್ಟೀರಿಂಗ್ ಇಡಿ, ಆಕ್ಸಿಲರೇಟರ್ ಸಡಿಲಿಸಿ. ಸ್ಟೀರಿಂಗನ್ನು ಅತ್ತಿತ್ತ ಎಳೆದಾಡಬೇಡಿ, ನೀವು ಎಳೆದಾಡಿದಷ್ಟೂ ಅದರ ಗುರಿ ಬದಲಾಗುತ್ತಿರುತ್ತದೆ. ಎದುರಿಗೆ ಅಡ್ಡಿ ಇದ್ದರೆ ಬ್ರೇಕ್ ಪೂರ್ತಿ ತುಳಿದೇ ತಿರುಗಿಸಿ. ಎಬಿಎಸ್ಸೂ ಇಎಸ್‌ಸಿಯೂ ಒಂದೇ ಪೆಟ್ಟಿಗೆಯಲ್ಲಿವೆ, ಹಿಡಿತ ಹಂಚುವುದನ್ನು ಅವು ನೋಡಿಕೊಳ್ಳುತ್ತವೆ.

ಕಡೆಯದಾಗಿ ಆರದ ದೀಪ. ಮಿನುಗಿದರೆ ವ್ಯವಸ್ಥೆ ಕೆಲಸ ಮಾಡುತ್ತಿದೆ ಎಂದು, ಆರದೆ ಉರಿದರೆ ದೋಷವಿದೆ ಎಂದು. ‘ಆಫ್’ ಎಂದು ಬರೆದಿರುವ ದೀಪವಾದರೆ ಬಟನ್ ಒತ್ತಿರಬಹುದು, ಮೊದಲು ಅದನ್ನು ನೋಡಿ. ವೀಲ್ ಅಲೈನ್‌ಮೆಂಟ್ ಆದ ಮೇಲೆ ಶುರುವಾಗಿದೆ ಎಂದರೆ ನನ್ನ ಅನುಮಾನ ಸ್ಟೀರಿಂಗ್ ಕೋನದ ಸೆನ್ಸರಿನ ಮೇಲೆ. ಅಲೈನ್‌ಮೆಂಟ್ ಮಾಡುವಾಗ ಚಕ್ರಗಳ ದಿಕ್ಕು ಸರಿಪಡಿಸಿರುತ್ತಾರೆ, ಆದರೆ ಸೆನ್ಸರ್ ಇನ್ನೂ ಹಳೆಯ ಸೊನ್ನೆಯನ್ನೇ ಹಿಡಿದು ಕೂತಿರುತ್ತದೆ. ಕಾರು ನೇರ ಹೋಗುತ್ತಿದ್ದರೂ ‘ಇವರು ಸ್ವಲ್ಪ ತಿರುಗಿಸಿದ್ದಾರೆ’ ಎಂದು ಅದು ವರದಿ ಮಾಡುತ್ತದೆ, ಕಾರು ತಿರುಗುವ ವೇಗ ಅಳೆಯುವ ಸೆನ್ಸರ್ ‘ತಿರುಗುತ್ತಿಲ್ಲ’ ಎನ್ನುತ್ತದೆ. ಸಣ್ಣ ವ್ಯತ್ಯಾಸವಾದರೆ ತಂತ್ರಾಂಶ ತಾನೇ ಸರಿದೂಗಿಸಿಕೊಳ್ಳುತ್ತದೆ, ಹೆಚ್ಚಾದರೆ ಯಾರನ್ನು ನಂಬಬೇಕೆಂದು ತಿಳಿಯದೆ ಇಎಸ್‌ಸಿಯನ್ನೇ ನಿಲ್ಲಿಸಿ ದೀಪ ಹಚ್ಚುತ್ತದೆ. ಅಲೈನ್‌ಮೆಂಟ್ ಮಾಡಿದವರ ಬಳಿಯೇ ಹೋಗಿ, ಸ್ಕ್ಯಾನರ್ ಹಾಕಿ ಸೆನ್ಸರಿನ ಸೊನ್ನೆ ಹೊಂದಿಸಿಕೊಡಲು ಹೇಳಿ. ಸ್ಕ್ಯಾನರಿನಲ್ಲಿ ಬೇರೆ ಕೋಡ್ ಬಂದರೆ ಚಕ್ರದ ವೇಗದ ಸೆನ್ಸರಿನ ವೈರ್ ನೋಡಿಸಿ. ನಾಲ್ಕೂ ಟೈರುಗಳು ಒಂದೇ ಅಳತೆಯವೇ, ಗಾಳಿ ಸರಿಯಿದೆಯೇ ಎಂಬುದನ್ನೂ ಆಗಲೇ ನೋಡಿಸಿ. ಅಲ್ಲಿಯವರೆಗೆ ಕಾರು ಓಡಿಸಬಹುದು, ಸಾಮಾನ್ಯ ಬ್ರೇಕ್ ಎಂದಿನಂತೆ ಇರುತ್ತದೆ. ಎಬಿಎಸ್ ದೀಪವೂ ಜೊತೆಗೆ ಉರಿಯುತ್ತಿದ್ದರೆ ಎಬಿಎಸ್ ಕೂಡ ಇಲ್ಲವೆಂದು ತಿಳಿದು, ಒದ್ದೆ ರಸ್ತೆಯಲ್ಲಿ ನಿಧಾನವಾಗಿ ಹೋಗಿ.